ತಟ್ಟದ ತಟ್ಟೆಗಳ ಯಜಮಾನರು

ಕೌಲ್ ಬಜಾರಿನಲ್ಲಿ ಒಂದು ಶವಯಾತ್ರೆ ಹೊರಟಿತ್ತು. ಮುಂದೆ ಹಲಗೆ, ಅದರ ಹಿಂದೆ ಬ್ಯಾಂಡ್ ಸೆಟ್ಟು, ಅದರ ಹಿಂದೆ ಹೂವು ಮುಚ್ಚಿದ ವಿಮಾನ. ಬ್ಯಾಂಡಿನಲ್ಲಿ ತಾಳ ಬಡಿಯುತ್ತಿದ್ದ ಹುಡುಗನ ಪಕ್ಕಕ್ಕೆ ಅಂಟಿಕೊಂಡು ಬಿಳಿ ಅಂಗಿಯ ಹಿರಿಯರೊಬ್ಬರು ತಲೆ ತಗ್ಗಿಸಿ ನಡೆಯುತ್ತಿದ್ದರು. ಕಣ್ಣಲ್ಲಿ ನೀರು ಬೇರೆ. ಸತ್ತವರ ಅಳಿಯ ಅದನ್ನು ನೋಡಿ ಕರಗಿ ಹೋದ. ಹತ್ತಿರ ಬಂದು ಕೈ ಹಿಡಿದು, "ನಮ್ಮ ಮಾವಾರಿಗೆ ಭಾಳ ಬೇಕಾದವರು ಕಾಣ್ತೀರಿ" ಎಂದ. ಹಿರಿಯರು ಕತ್ತು ಎತ್ತಲಿಲ್ಲ. "ತಮ್ಮಾ, ಅದನ್ನ ಒಂಚೂರು ಹೊರಳಿಸು, ಮುದ್ರೆ ಕಾಣವಲ್ದು" ಎಂದರು. ಹೇಳಿದ್ದು ತಾಳದ ಹುಡುಗನಿಗೆ. ಕಣ್ಣೀರು ಬಳ್ಳಾರಿಯ ಧೂಳಿನದು.

ಇವರೇ ನಮ್ಮ ತಟ್ಟೆ ಸಾರ್. ಮನೆಯವರು ಇಟ್ಟ ಹೆಸರು ಬೇರೆ ಇದೆ, ಅದು ಪಿಂಚಣಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಚಲಾವಣೆಯಲ್ಲಿಲ್ಲ. ಒಬ್ಬರು ಹಳೇ ನಾಣ್ಯ ಕೂಡಿಸುತ್ತಾರೆ, ಇನ್ನೊಬ್ಬರು ಅಂಚೆಚೀಟಿ, ಮತ್ತೊಬ್ಬರು ಗಣಿಯ ಕಾಲದಲ್ಲಿ ಸೈಟು ಕೂಡಿಸಿದರು. ನಮ್ಮ ಸಾರ್ ಕೂಡಿಸುವುದು ಡ್ರಮ್ ಸೆಟ್ಟಿನ ಕಂಚಿನ ತಟ್ಟೆಗಳನ್ನು. ಬಲ್ಲವರು ಸಿಂಬಲ್ ಎನ್ನುತ್ತಾರೆ. ಅದರಲ್ಲೂ ಕಂಪನಿ ಮಾಡುವುದನ್ನು ನಿಲ್ಲಿಸಿದ್ದು ಮಾತ್ರ ಇವರಿಗೆ ಬೇಕು. "ಇದು ನಿಂತದ್ದು" ಎಂದು ಅವರು ಹೇಳುವಾಗ ಮುಖ ನೋಡಬೇಕು. ಬೇರೆಯವರು "ಮಗ ಅಮೆರಿಕದಾಗ ಅದಾನ" ಎನ್ನುವಾಗ ಬರುವ ಕಳೆ. ಅಂಗಡಿಯಲ್ಲಿ ಸಿಗುವ ಹೊಸ ತಟ್ಟೆ ತೋರಿಸಿದರೆ, ಹೊಸ ಸೊಸೆಯನ್ನು ನೋಡುವ ಅತ್ತೆಯ ಹಾಗೆ ತುಟಿ ಕೊಂಕಿಸುತ್ತಾರೆ.

ನುಡಿಸುತ್ತಾರಾ ಎಂದು ಕೇಳಬೇಡಿ. ಹರೆಯದಲ್ಲಿ ಒಂದು ಗಣೇಶನ ಹಬ್ಬದ ಸೀಜನ್ನು ರಸಮಂಜರಿ ತಂಡದಲ್ಲಿ ಜಾಜ್ ಸೆಟ್ಟು ಬಾರಿಸಿದ್ದರಂತೆ. ಹನ್ನೊಂದನೇ ದಿನ ಗಣಪನ ಜೊತೆ ಇವರ ಕಸುಬೂ ನೀರು ಕಂಡಿತು, ಕಚೇರಿಯ ನೌಕರಿ ಸಿಕ್ಕಿತು. ಆಮೇಲೆ ಕೋಲು ಹಿಡಿದಿಲ್ಲ. ಹಳಗನ್ನಡದ ರೂಢಿಯಲ್ಲಿ ಒಲ್ಲೆ, ಅರಿಯೆ ಎಂದ ಹಾಗೆ ತಟ್ಟೆ ಎಂದರೆ ತಟ್ಟುವುದಿಲ್ಲ ಎಂದೂ ಅರ್ಥವಾಗುತ್ತದೆ. ಇವರ ಮನೆಯಲ್ಲಿರುವುದೆಲ್ಲ ಆ ಅರ್ಥದ ತಟ್ಟೆಗಳೇ.

ನನಗೂ ಇವರಿಗೂ ಹೇಗೆ ಗಂಟು ಬಿತ್ತು ಎಂದರೆ, ನನ್ನ ಬೈಕಿಗೆ ಹಿಂದೆ ಕ್ಯಾರಿಯರ್ ಇದೆ. ಸಂಗೀತದಲ್ಲಿ ನನಗಿರುವ ಅರ್ಹತೆ ಅಷ್ಟೇ.

ಕ್ಯಾರಿಯರ್ ಇದ್ದ ತಪ್ಪಿಗೆ ನಾನು ಕಲಿತದ್ದು ಬಹಳ. ತಟ್ಟೆ ಅಂದರೆ ಹಿತ್ತಾಳೆಯದಲ್ಲ, ಕಂಚಿನದು. ಒಳ್ಳೆಯದರಲ್ಲಿ 80 ಪಾಲು ತಾಮ್ರ, 20 ಪಾಲು ತವರ. ಅಗ್ಗದ್ದರಲ್ಲಿ ತವರ 8ಕ್ಕೆ ಇಳಿಯುತ್ತದೆ. ಹಿತ್ತಾಳೆಯಲ್ಲಿ ತವರದ ಜಾಗಕ್ಕೆ ಸತು ಬರುತ್ತದೆ, ದನಿ ಬಾಯಿಗೆ ಬಟ್ಟೆ ಇಟ್ಟುಕೊಂಡು ಕೆಮ್ಮಿದ ಹಾಗೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ; ಈ ಕಂಚನ್ನು ಕಾಯಿಸಿ ಅದ್ದಿದರೆ ಬಿರುಸು ಬಿಟ್ಟು ಬಡಿತಕ್ಕೆ ಬಗ್ಗುತ್ತದೆ. "ನಮ್ಮನೇರೂ ಹಂಗೇ, ಮುಂಜಾನಿ ಸ್ನಾನ ಆದ ಮ್ಯಾಲೆ ಸ್ವಲ್ಪ ಹೊತ್ತು ಮಾತು ಕೇಳ್ತಾರ" ಎಂದು ಒಳಗಿನಿಂದ ಅಕ್ಕನ ದನಿ ಬಂತು. ಅಕ್ಕ ಎಂದರೆ ಸಾರ್ ಅವರ ಮನೆಯವರು. ಬಿಸಿ ಮಾತಿಗೆ ತಣ್ಣೀರು ಹಾಕುವುದು ಅವರ ಇಲಾಖೆ.

ಆಮೇಲೆ ವಂಶಾವಳಿ. ಇಸ್ತಾಂಬುಲಿನಲ್ಲಿ ಅವೇದಿಸ್ ಎಂಬ ಆರ್ಮೇನಿಯನ್ ಒಬ್ಬ ಬಂಗಾರ ಮಾಡಲು ಹೋಗಿ ಕಂಚು ಮಾಡಿದ. ಬಂಗಾರ ಮಾಡಲು ಹೋದವರು ನಮ್ಮ ಜಿಲ್ಲೆಯಲ್ಲೂ ಇದ್ದರು, ಅವರು ಮಾಡಿದ್ದು ಸಾಲ. ಅವೇದಿಸನ ಕಂಚು ಮಾತ್ರ ಝಣ್ ಎಂದಿತು. 1623ರಲ್ಲಿ ಅವನು ಸ್ವಂತ ಕುಲುಮೆ ಹೂಡಿದ. ಝಿಲ್ ಎಂದರೆ ತಾಳ, ಝಿಲ್ಜಿ ಎಂದರೆ ತಾಳ ಮಾಡುವವ, ಯಾನ್ ಸೇರಿದರೆ ಅವನ ಮಗ. ಹೀಗೆ ಝಿಲ್ಜಿಯಾನ್. ನಮ್ಮಲ್ಲಾದರೆ ಕಂಚಗಾರ ಎಂಬ ಅಡ್ಡಹೆಸರು, ಅಷ್ಟೇ. 1929ರಲ್ಲಿ ಈ ಮನೆತನದ ಒಂದು ಕವಲು ಅಮೆರಿಕದ ಮಸಾಚುಸೆಟ್ಸಿನಲ್ಲಿ ಕಾರ್ಖಾನೆ ಶುರು ಮಾಡಿತು. ಇಸ್ತಾಂಬುಲಿನ ಹಳೇ ಕುಲುಮೆ 1970ರ ದಶಕದ ಕೊನೆಗೆ ಆರಿತು. ಅಲ್ಲಿಯ ತಟ್ಟೆಗಳಿಗೆ 'ಕೆ' ಎಂದು ಹೆಸರು. ಲೋಕದ ಸಂಗ್ರಹಕಾರರೆಲ್ಲ ಹುಡುಕುವುದು ಅದನ್ನೇ. ಮುಂದೆ ಅಮೆರಿಕದ ಕವಲಿನ ಅಣ್ಣತಮ್ಮಂದಿರು ಪಾಲಾದರು. ತಮ್ಮ 1981ರಲ್ಲಿ ಕೆನಡಾದಲ್ಲಿ ಸಾಬಿಯನ್ ಎಂಬ ಇನ್ನೊಂದು ಅಂಗಡಿ ತೆರೆದ. ಆಸ್ತಿ ಪಾಲಿನ ಈ ಭಾಗ ಬಂದಾಗ ಮಾತ್ರ ಓಣಿಯವರು ಕಿವಿಗೊಟ್ಟು ಕೇಳುತ್ತಾರೆ.

2011ರಲ್ಲಿ ಸಾರ್ ಮನೆಗೆ ಸೂತಕ ತಟ್ಟಿತು. ಸ್ವಿಟ್ಜರ್ಲೆಂಡಿನ ಪೈಸ್ಟ್ ಕಂಪನಿ 1959ರಲ್ಲಿ ಫಾರ್ಮುಲಾ 602 ಎಂಬ ತಟ್ಟೆ ತಂದಿತ್ತು, ನಡುವೆ ನಿಲ್ಲಿಸಿತ್ತು. ಸಾರ್ ಹತ್ತಿರ ಅದರದೊಂದು ಇತ್ತು. ಆ ವರ್ಷ ಕಂಪನಿ ಅದನ್ನು ಮತ್ತೆ ಶುರು ಮಾಡಿತು. ನಾನು ಸಂತೋಷದ ಸುದ್ದಿ ಅಂದುಕೊಂಡು ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಹೋದೆ. ಸಾರ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ಹೋದದ್ದು ತಿರುಗಿ ಬಂದ್ರ ಅದಕ್ಕ ಏನು ಬೆಲಿ ಐತೋ" ಎಂದರು. ಅಕ್ಕ ಮಿರ್ಚಿ ಕೈಗೆ ತಗೊಂಡು, "ಕಂಪನಿ ಬದುಕಿತು ಅಂತ ಅಳೋರನ್ನ ನಾ ಇವತ್ತೇ ನೋಡಿದ್ದು" ಎಂದು ಒಳಗೆ ಹೋದರು.

ಸಾರ್ ಅವರ ದೊಡ್ಡ ಸಿದ್ಧಾಂತ ತುರ್ಕಿಯದು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಬ್ರಿಟಿಷರು ಬಳ್ಳಾರಿಯ ಶಿಬಿರದಲ್ಲಿ ಇಟ್ಟಿದ್ದರು; 1917ರಲ್ಲಿ ರೆಡ್ ಕ್ರಾಸಿನವರು ಬಂದು ನೋಡಿ ವರದಿ ಬರೆದಿದ್ದಾರೆ. ಇಲ್ಲಿಯ ತನಕ ಚರಿತ್ರೆ. ಇಲ್ಲಿಂದ ಮುಂದೆ ಸಾರ್. ತುರ್ಕಿಯ ಸೈನ್ಯಕ್ಕೆ ತಾಳ ಬೇಕು, ತಾಳ ಆಗುವುದು ಇಸ್ತಾಂಬುಲಿನಲ್ಲಿ, ಸೈನಿಕರು ಬಂದದ್ದು ಬಳ್ಳಾರಿಗೆ. ಅಂದಮೇಲೆ ಊರಿನ ಯಾವುದೋ ಅಟ್ಟದ ಮೇಲೆ ಒಂದು 'ಕೆ' ಕೂತಿರಲೇಬೇಕು.

"ಅಲ್ರೀ ಸಾರ್, ಸೆರೆ ಸಿಕ್ಕವನು ತಟ್ಟೆ ಹೊತ್ತುಕೊಂಡು ಬರ್ತಾನೇನ್ರಿ?"

"ಊಟಕ್ಕ ತಟ್ಟಿ ಬ್ಯಾಡೇನಪ ಅವಂಗ?"

ಈ ತರ್ಕಕ್ಕೆ ಎದುರು ಹೇಳಿದವರು ಇನ್ನೂ ಹುಟ್ಟಿಲ್ಲ. ಆ ಒಂದು ತಟ್ಟೆಗಾಗಿ ಸಾರ್ ಎಷ್ಟು ಗೃಹಪ್ರವೇಶಗಳಿಗೆ ಹೋಗಿದ್ದಾರೆ, ಎಷ್ಟು ಅಟ್ಟಗಳಿಗೆ ಕತ್ತು ಹಾಕಿದ್ದಾರೆ, ಲೆಕ್ಕವಿಲ್ಲ. ರಾಘವ ಕಲಾಮಂದಿರದಲ್ಲಿ ನಾಟಕವಿದ್ದರೆ ಇವರು ರಂಗದ ಕಡೆ ನೋಡುವುದಿಲ್ಲ, ಮೇಳದವರ ಕಡೆ ನೋಡುತ್ತಾರೆ. ದ್ರೌಪದಿಯ ಸೀರೆ ಸೆಳೆಯುವ ಹೊತ್ತಿನಲ್ಲಿ ಸಭಿಕರೆಲ್ಲ ಉಸಿರು ಬಿಗಿ ಹಿಡಿದಿದ್ದಾಗ ನನ್ನ ಪಕ್ಕೆ ತಿವಿದು, "ಅಂಚು ಸೀಳೈತಿ ನೋಡು" ಎಂದಿದ್ದರು. ಸೀರೆಯದಲ್ಲ, ತಾಳದ್ದು.

ಸಿರುಗುಪ್ಪಕ್ಕೆ ಹೋದದ್ದು ಒಂದು ಭಾನುವಾರ. ಬಳ್ಳಾರಿಯಿಂದ 50 ಕಿಲೋಮೀಟರಿಗೂ ಹೆಚ್ಚು ದಾರಿ. ಊರು ಹತ್ತಿರವಾದಂತೆ ಎರಡೂ ಕಡೆ ಗದ್ದೆ, ಅಕ್ಕಿ ಗಿರಣಿ, ತುಂಗಭದ್ರೆಯ ನೀರಿನ ತಂಪು. ಅಲ್ಲಿಯ ಗಿರಣಿಯೊಂದರ ಗುಮಾಸ್ತರು ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಜಾಜ್ ಬಾರಿಸುತ್ತಿದ್ದವರು. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಆಕ್ಟೊಪ್ಯಾಡ್ ಎಂಬ ಎಂಟು ಚೌಕದ ಹಲಗೆ ತಂದಿತಲ್ಲ, ಅದರ ಮರಿಮಕ್ಕಳು ನಮ್ಮ ಕಡೆ ಬರಬರುತ್ತ ಇಂಥವರ ಕೆಲಸ ಹೋಯಿತು. ಒಂದು ಚೌಕ ಮುಟ್ಟಿದರೆ ತಬಲಾ, ಇನ್ನೊಂದು ಮುಟ್ಟಿದರೆ ಢೋಲಕ್, ಮೂರನೆಯದಕ್ಕೆ ಝಣ್. ಟೆಂಪೊ ಬಾಡಿಗೆ ಉಳಿಯಿತು ಎಂದು ತಂಡದ ಮಾಲೀಕರು ಖುಷಿಪಟ್ಟರು. ಗುಮಾಸ್ತರು ಸೆಟ್ಟು ಬಿಚ್ಚಿ ಮನೆಗೆ ಒಯ್ದರು. ಡ್ರಮ್ಮು ಮಕ್ಕಳ ಪಾಲಾಯಿತು. ತಟ್ಟೆ ಉಳಿಯಿತು.

ಇಂಥ ಮನೆಗೆ ಹೋದಾಗ ಸಾರ್ ನಡೆದುಕೊಳ್ಳುವ ಒಂದು ಕ್ರಮವಿದೆ. ನೇರ ಕೇಳುವ ಹಾಗಿಲ್ಲ. ಮೊದಲು ನೀರು ಕೇಳಬೇಕು. ಆಮೇಲೆ ಮಳೆ, ಬತ್ತದ ರೇಟು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ. ಇಷ್ಟಾದ ಮೇಲೆ ಬೇಡವಾದ ಒಂದು ಸಾಮಾನು ತೋರಿಸಿ, ಇದನ್ನು ಕೊಡ್ತೀರೇನು ಎನ್ನಬೇಕು. ಹೆಣ್ಣು ನೋಡಲು ಹೋದವರು ಹಸುವಿನ ಬೆಲೆ ಕೇಳಿದ ಹಾಗೆ. ಆ ದಿನ ಸಾರ್ ನಾಲ್ಕು ಲೋಟ ನೀರು ಕುಡಿದು, ಕಾಲುಮುರಿದ ಒಂದು ಮೊರದ ಬೆಲೆ ಕೇಳಿದರು. ಮೊರಕ್ಕೆ ಕಾಲಿರುವುದಿಲ್ಲ, ಅವರು ಅಷ್ಟು ಗಾಬರಿಯಲ್ಲಿದ್ದರು. ಯಾಕೆಂದರೆ ಅಡುಗೆಮನೆಯ ಬಾಗಿಲಲ್ಲಿ, ಅಕ್ಕಿ ತುಂಬಿಟ್ಟ ಡ್ರಮ್ಮಿನ ಮೇಲೆ, ಮುಚ್ಚಳದ ಬದಲು, 20 ಅಂಗುಲದ ರೈಡ್ ತಟ್ಟೆ ಅಂಗಾತ ಮಲಗಿತ್ತು. ನಡುವಿನ ತೂತಿಗೆ ಇಲಿ ಹೋಗದಂತೆ ಬಟ್ಟೆ ಗಿಡಿದಿದ್ದರು. ಡ್ರಮ್ಮಿನ ಮೇಲೆ ಸಿಂಬಲ್ ಇದ್ದದ್ದು ಸರಿಯೇ, ಡ್ರಮ್ಮು ಬೇರೆ ಅಷ್ಟೇ.

ಮಾತು ಬೇಗ ಮುಗಿಯಿತು. ಗುಮಾಸ್ತರ ಮನೆಯವರಿಗೆ ಬಿಗಿಯಾಗಿ ಕೂರುವ ಸ್ಟೀಲಿನ ಮುಚ್ಚಳ ಬೇಕಿತ್ತು. ಮುಚ್ಚಳವೂ ಮೇಲೆ ಒಂದಿಷ್ಟು ದುಡ್ಡೂ ಎಂದಾಯಿತು. ಸಾರ್ ತಟ್ಟೆಯನ್ನು ಲುಂಗಿಯಲ್ಲಿ ಸುತ್ತುವಾಗ ಗುಮಾಸ್ತರು, "ಒಂದು ಸಲ" ಎಂದರು. ತೂತಿಗೆ ದಾರ ಪೋಣಿಸಿ ಎಡಗೈಯಲ್ಲಿ ಎತ್ತಿ ಹಿಡಿದರು. ಕೋಲು ಇರಲಿಲ್ಲ, ಲಟ್ಟಣಿಗೆ ತಗೊಂಡರು. ಹಳೇ ಸಿನಿಮಾ ಹಾಡಿನ ಯಾವುದೋ ನಡೆ, ನಾಲ್ಕೇ ಆವರ್ತ. ಗಿರಣಿಯ ಹೊಟ್ಟು ಕೂತ ರೆಪ್ಪೆ ಮುಚ್ಚಿದವರು ದನಿ ಪೂರ್ತಿ ಅಡಗುವ ತನಕ ತೆರೆಯಲಿಲ್ಲ. ಅವರ ಚಿಕ್ಕ ಮಗಳು ಓದುವುದು ಬಿಟ್ಟು ಎದ್ದು ಬಂದು ನಿಂತಳು. ಅಪ್ಪನಿಗೆ ಇದು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವಂತೆ. ನನಗೆ ಮೈ ಜುಂ ಎಂದಿತು. ಸಾರ್ ಮಾತ್ರ, "ಲಟ್ಟಣಿಗೀಲೆ ಹೊಡೀತಾರೇನ್ರೀ, ಗೆರಿ ಬೀಳ್ತಾವ" ಎಂದು ಕಸಿದುಕೊಂಡರು.

ದಾರಿಯುದ್ದಕ್ಕೂ ಅದು ತೊಡೆಯ ಮೇಲಿತ್ತು. ಹಾದಿಯ ಗುಂಡಿ ಬಂದಾಗಲೆಲ್ಲ, "ನಿಧಾನ, ನಿಧಾನ" ಎನ್ನುತ್ತಿದ್ದರು. ನನ್ನ ಒಡಹುಟ್ಟಿದ ಅಕ್ಕನನ್ನು ಹೆರಿಗೆಗೆ ಆಸ್ಪತ್ರೆಗೆ ಒಯ್ದಾಗಲೂ ಆಟೊ ಅಷ್ಟು ಮೆಲ್ಲಗೆ ಹೋಗಿರಲಿಲ್ಲ.

ಕುರುಗೋಡಿನದು ಬೇರೆ ಕಥೆ. ದೊಡ್ಡಬಸವೇಶ್ವರನ ದರ್ಶನಕ್ಕೆಂದು ಹೊರಟದ್ದು. ಏಕಶಿಲೆಯ ಆ ಬಸವನ ಮುಂದೆ ನಿಂತರೆ ಮನುಷ್ಯನಿಗೆ ತನ್ನ ಅಳತೆ ತಿಳಿಯುತ್ತದೆ ಎಂದು ಅಕ್ಕ ಕಳಿಸಿದ್ದರು. ಊರಿನ ಈಚೆಗೇ ಒಂದು ಜೋಳದ ಹೊಲ. ತೆನೆ ಹಾಲುಗಾಳಾಗಿತ್ತು. ಮಂಚಿಕೆಯ ಮೇಲೆ ನಿಂತ ಹುಡುಗನೊಬ್ಬ ಹಕ್ಕಿ ಓಡಿಸಲು ಏನನ್ನೋ ಬಡಿಯುತ್ತಿದ್ದ. ಸಾರ್ ನನ್ನ ಹೆಗಲು ಹಿಂಡಿದರು. "ನಿಲ್ಸು. ಅದು ತಗಡಲ್ಲ."

ಹುಡುಗ ಚುರುಕು. ಇವರು ನೀರು ಕೇಳುವ ಮೊದಲೇ, "ಇದು ಬೇಕೇನ್ರಿ?" ಎಂದ. ಅಜ್ಜನನ್ನು ಕೇಳಿಕೊಂಡು ಬರಬೇಕು, ಅಷ್ಟರ ತನಕ ಹಕ್ಕಿ ಯಾರು ಕಾಯುವುದು? ಸಾರ್ ಪಂಚೆ ಎತ್ತಿ ಕಟ್ಟಿ ಮಂಚಿಕೆ ಹತ್ತಿದರು. ಹುಡುಗ ತಟ್ಟೆಯನ್ನೂ ಬಡಿಯುವ ಕಟ್ಟಿಗೆಯನ್ನೂ ಅವರ ಕೈಗೆ ಕೊಟ್ಟು ಓಡಿದ.

ಗುಬ್ಬಿಗಳು ಸ್ವಲ್ಪ ಹೊತ್ತು ಬೇಲಿಯ ಜಾಲಿಯಲ್ಲಿ ಕೂತು ನೋಡಿದವು. ಹೊಸ ಮನುಷ್ಯ. ಕೈಯಲ್ಲಿ ಅದೇ ತಟ್ಟೆ. ಆದರೆ ಸದ್ದಿಲ್ಲ. ಒಂದು ಬಂತು, ಹತ್ತು ಬಂದವು, ಆಮೇಲೆ ಊರ ಜಾತ್ರೆಯೇ ನೆರೆಯಿತು. "ಹೊಡೀರಿ ಸಾರ್!" ಎಂದು ನಾನು ಕೆಳಗಿನಿಂದ ಕೂಗಿದೆ. "ಅಂಚಿನ್ಯಾಗ ಕೂದಲೆಳಿಯಷ್ಟು ಸೀಳು ಕಾಣ್ತೈತಿ, ಹೊಡದ್ರ ಬೆಳೀತೈತಿ" ಎಂದು ಅವರು ತಟ್ಟೆಯನ್ನು ಎದೆಗವಚಿಕೊಂಡರು. "ಹುಶ್, ಹುಶ್" ಎಂದು ಬಾಯಲ್ಲಿ ಮಾತ್ರ ಅಂದರು, ಅದೂ ಗುಬ್ಬಿಗೆ ಬೇಜಾರಾಗದಷ್ಟು ಮೆಲ್ಲಗೆ. ನಾನು ಹೆಂಟೆ ಎಸೆದೆ. ಒಂದು ಹೆಂಟೆ ಸಾರ್ ಬೆನ್ನಿಗೆ ಬಿತ್ತು. ಅವರು ತಿರುಗಲಿಲ್ಲ, ಮುದ್ರೆ ಓದುತ್ತಿದ್ದರು.

ಅಜ್ಜ ಬಂದು ಸೊಂಟಕ್ಕೆ ಕೈ ಇಟ್ಟು ನಿಂತ. ಹೊಲ ನೋಡಿದ, ಮಂಚಿಕೆ ನೋಡಿದ. "ಯಪ್ಪಾ, ಇಳೀರಿ. ಬೆದರುಗೊಂಬಿ ನಿಲ್ಸಿದ್ರ ಇದಕ್ಕಿಂತ ಚಲೋ ಕಾಯ್ತಿತ್ತು" ಎಂದ. ಬೆಲೆ ಹೇಳಿದ: ತಟ್ಟೆಗೆ ಇಷ್ಟು, ಗುಬ್ಬಿ ತಿಂದ ಜೋಳಕ್ಕೆ ಇಷ್ಟು. ಜೋಳದ್ದೇ ಹೆಚ್ಚಾಯಿತು. ಸಾರ್ ಚೌಕಾಸಿ ಮಾಡದೆ ಎಣಿಸಿದರು. ಮನೆಗೆ ತಂದು ಉಗುರಿನಿಂದ ಮೀಟಿದರೆ ದನಿ ಠಕ್ ಎಂದು ಸತ್ತುಹೋಯಿತು. ಹಿತ್ತಾಳೆ. ಯಾವುದೋ ಬ್ಯಾಂಡ್ ಸೆಟ್ಟಿನವರು ಬಿಸಾಕಿದ್ದು. ಬಸವನ ದರ್ಶನ ಆಗಲೇ ಇಲ್ಲ, ಅಕ್ಕ ಬಯಸಿದ ಅಳತೆ ಮಾತ್ರ ಆಗಿತ್ತು.

ಸಾರ್ ಮನೆಗೆ ನೀವು ಹೋದರೆ ಸಂಗ್ರಹ ತೋರಿಸದೆ ಬಿಡುವುದಿಲ್ಲ. ಎಲ್ಲ ದೀವಾನದ ಕೆಳಗಿವೆ, ಒಂದೊಂದೂ ಹಳೇ ಲುಂಗಿಯಲ್ಲಿ. ಹೊರಗೆ ತೆಗೆದು, ಅಕ್ಕಸಾಲಿಗರ ತಕ್ಕಡಿಯಂಥದೊಂದರಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ನೋಟುಪುಸ್ತಕದ ತೂಕಕ್ಕೆ ತಾಳೆ ನೋಡುತ್ತಾರೆ. ಲುಂಗಿಯೊಳಗೆ ಕಂಚು ಸವೆಯುವುದಿಲ್ಲ ಎಂದು ಅವರಿಗೂ ಗೊತ್ತು. ಆಮೇಲೆ ಕೇಳುವ ವಿಧಿ. ಫ್ಯಾನಿನ ಗುರ್ ಎನ್ನುವ ಸದ್ದು ದನಿಯ ಬಾಲವನ್ನು ತಿಂದುಹಾಕುತ್ತದಂತೆ, ಅದಕ್ಕೆ ಫ್ಯಾನು ಬಂದ್. ಬೀದಿಯ ಸದ್ದು ಬರುತ್ತದೆ, ಅದಕ್ಕೆ ಕಿಟಕಿ ಬಂದ್. ಬಳ್ಳಾರಿಯ ಮೇ ತಿಂಗಳು. ನೀವು ಬೆವರಿನಲ್ಲಿ ತೊಯ್ದು ಕೂತಿರುತ್ತೀರಿ. ಸಾರ್ ತಟ್ಟೆಯನ್ನು ತುದಿಬೆರಳಿನ ಮೇಲೆ ಕೂರಿಸಿ ಕಿರುಬೆರಳಿನ ಉಗುರಿನಿಂದ ಒಂದೇ ಒಂದು ಸಲ ಮೀಟುತ್ತಾರೆ. ಜ಼್... ಎಂದು ಏನೋ ಹೊರಡುತ್ತದೆ. ಅವರು ಕಣ್ಣು ಮುಚ್ಚಿ ಬೆರಳು ಮಡಿಚಿ ಎಣಿಸುತ್ತಾರೆ. ನಿಮಗೆ ಕೇಳುವುದು ನಿಂತು ಎಷ್ಟೋ ಹೊತ್ತಾದ ಮೇಲೂ ಅವರು ಎಣಿಸುತ್ತಲೇ ಇರುತ್ತಾರೆ. ಮಧ್ಯೆ ಕೆಮ್ಮಿದರೆ ಮೊದಲಿನಿಂದ. ನಾನು ಒಮ್ಮೆ ಸೀನಿ, ಎರಡು ವಾರ ಮಾತು ಕಳೆದುಕೊಂಡಿದ್ದೆ. ಊರಿಗೆಲ್ಲ ಕರೆಂಟು ಹೋದರೆ ಶಾಪ, ಇವರಿಗೆ ಕಛೇರಿ.

ಆಯುಧ ಪೂಜೆಯ ಹಿಂದಿನ ದಿನ ಆ ಅನಾಹುತವಾಯಿತು. ಸಾರ್ ಊರಲ್ಲಿರಲಿಲ್ಲ. ಅಕ್ಕನಿಗೆ ಪಾಪ ಅನ್ನಿಸಿತು. ವರ್ಷಪೂರ್ತಿ ಜೀವ ಬಿಡುವ ಸಾಮಾನು ಕರ್ರಗೆ ಹಸಿರುಗಟ್ಟಿ ಬಿದ್ದಿವೆ, ಪೂಜೆಗಾದರೂ ತೊಳೆದಿಡೋಣ. ದೀವಾನದ ಕೆಳಗಿನಿಂದ ನಾಲ್ಕನ್ನು ಎಳೆದು ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದರು. ತಟ್ಟೆಗಳು ಮದುಮಕ್ಕಳ ಹಾಗೆ ಹೊಳೆದವು. ಶಾಯಿಯಲ್ಲಿದ್ದ ಕಂಪನಿ ಹೆಸರು ಬಚ್ಚಲಿಗೆ ಹರಿದುಹೋಯಿತು. ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹೂ.

ಸಂಗ್ರಹಕಾರರಿಗೆ ಆ ಕರಿಹಸಿರೇ ಪ್ರಾಣ. ಅದಿಲ್ಲದಿದ್ದರೆ ವಯಸ್ಸಿಗೆ ಸಾಕ್ಷಿ ಇಲ್ಲ, ದನಿಯೂ ಬದಲಾಗುತ್ತದೆ ಎಂಬ ನಂಬಿಕೆ. ಸಾರ್ ಬಾಗಿಲಲ್ಲಿ ನಿಂತು ಹೊಳಪು ನೋಡಿದರು. ಕೈಯಲ್ಲಿದ್ದ ಬೂದುಗುಂಬಳ ಜಾರಿ, ದೃಷ್ಟಿ ತೆಗೆಯುವ ಮೊದಲೇ ಒಡೆಯಿತು. "50 ವರ್ಷದ ಕೊಳಿ" ಎಂದರು, ಗದ್ಗದ ಕಂಠದಲ್ಲಿ. ಅಕ್ಕ, "ಹೂಂ ಮತ್ತ, ಎಷ್ಟು ತಿಕ್ಕಿದೆ ಅಂತೀರಿ, ತೋಳು ಸೋತು ಹೋದವು" ಎಂದರು, ಮೆಚ್ಚಿಗೆ ಅಂದುಕೊಂಡು.

ಮೊನ್ನೆ ಹೋದಾಗ ಅಕ್ಕ ಊಟಕ್ಕೆ ಎಬ್ಬಿಸಿದರು. ರೊಟ್ಟಿ, ಎಣ್ಣೆಗಾಯಿ, ಮೊಸರು. ಸ್ಟೀಲು ತಟ್ಟೆಗಳೆಲ್ಲ ತೊಳೆಯಲು ಬಿದ್ದಿದ್ದವು, ಅದಕ್ಕೆ ನನಗೆ ಅವರ ತವರಿನಿಂದ ಬಂದ ಕಂಚಿನ ಗಂಗಾಳ. ಅಂಚಿಗೆ ನನ್ನ ಉಂಗುರ ತಾಕಿತು. ಝೇಂ ಎಂದು ಹೊರಟದ್ದು ಎಣ್ಣೆಗಾಯಿಯ ಮೇಲೂ, ಫ್ಯಾನಿನ ಸದ್ದಿನ ಮೇಲೂ ಹಾದು, ದೇವರಮನೆಯ ತನಕ ಹೋಗಿ ಬಂದ ಹಾಗಿತ್ತು. ಸಾರ್ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಗಂಗಾಳದ ಕಂಚಿನಲ್ಲೂ ತಾಮ್ರ 78, ತವರ 22 ಎಂದು ನನಗೆ ಪಾಠ ಹೇಳಿದವರೇ ಅವರು. ನಲವತ್ತು ವರ್ಷ ಅದರಲ್ಲಿ ಮಜ್ಜಿಗೆ ಅನ್ನ ಉಂಡವರೂ ಅವರೇ.

ಎದ್ದು ಹೋಗಿ ಫ್ಯಾನು ಬಂದ್ ಮಾಡಿದರು. ಕಿಟಕಿ ಹಾಕಿದರು. "ಬೇಗ ಉಣ್ಣು ತಮ್ಮಾ, ಖಾಲಿ ಮಾಡು" ಎಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತರು. ನನ್ನ ಗಂಟಲಲ್ಲಿ ರೊಟ್ಟಿ ಇಳಿಯಲೊಲ್ಲದು.

"ಇದನ್ನ ಈಗ ಯಾರೂ ಮಾಡಂಗಿಲ್ಲ ಅಲ್ಲೇನ?" ಎಂದು ಅಕ್ಕನನ್ನು ಕೇಳಿದರು, ಗಂಟಲು ಕಟ್ಟಿದ ದನಿಯಲ್ಲಿ.

"ಮಾಡಿದ ಕಂಚಗಾರ ಮುತ್ಯಾನೂ ಇಲ್ಲ, ಆ ಓಣಿನೂ ಇಲ್ಲ" ಎಂದರು ಅಕ್ಕ. "ಜೋಡಿ ಇತ್ತದು. ನಮ್ಮವ್ವ ಎರಡು ಕೊಟ್ಟಿದ್ಲು. ಇನ್ನೊಂದನ್ನ ನೀವೇ ಗುಜರಿಗೆ ಹಾಕಿ ಆ ಸ್ವಿಟ್ಜರ್ಲೆಂಡಿಂದು ತಂದ್ರಿ. ಕೆಜಿ ಲೆಕ್ಕದಾಗ."

ಸಾರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊರಗೆ ನಿಲ್ಲಿಸಿದ್ದ ನನ್ನ ಬೈಕಿನ ಕಡೆ, ಅದರ ಕ್ಯಾರಿಯರ್ ಕಡೆ ನೋಡಿದರು.

"ಆ ಗುಜರಿ ಅಂಗಡಿ ಭಾನುವಾರ ಎಷ್ಟಕ್ಕ ತೆಗೀತಾನ ತಮ್ಮಾ?"